ಸ್ಟೀಲೆಲ್ಲಾ ಚಂದ್ರವ್ವಗ

ನಾನು ಒಂದು ಚಾಕು. ಈರುಳ್ಳಿ ಹೆಚ್ಚುವ ಚಾಕುವಲ್ಲ, ಮರ ಕೆತ್ತುವ ಚಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನನ್ನು ಕಂಡವರೆಲ್ಲ ತುಕ್ಕು ಹಿಡಿದ ಕಬ್ಬಿಣವೆಂದು ಮೂಗು ಮುರಿದಿದ್ದಾರೆ. ನಿಮ್ಮ ಬಾಗಿಲ ಚಿಲಕ ಕಬ್ಬಿಣ. ನಾನು ಉಕ್ಕು. ಆದರೆ ಗದಗಿನ ನಮ್ಮ ಓಣಿಯಲ್ಲಿ ಉಕ್ಕುವುದು ಒಲೆಯ ಮೇಲಿನ ಹಾಲಿನ ಕೆಲಸ. ಪುಸ್ತಕದ ಆ ಹೆಸರಿನಿಂದ ನನ್ನನ್ನು ಯಾರೂ ಕರೆದವರಲ್ಲ. ಕುಲುಮೆಯವರು ನನ್ನ ಜಾತಿಯನ್ನು ಸ್ಟೀಲು ಅನ್ನುತ್ತಾರೆ. ಓಣಿಯವರಿಗೆ ಸ್ಟೀಲು ಅಂದರೆ ಫಳಫಳ ಹೊಳೆಯುವ ಊಟದ ತಾಟು, ನೀರಿನ ತಂಬಿಗೆ. ಒಂದೇ ಮಾತಿಗೆ ಹೀಗೆ ಎರಡು ಅರ್ಥ, ಅವೆರಡರ ನಡುವೆ ಸಿಕ್ಕಿಕೊಂಡು ನನ್ನ ಬಾಳು ಮೂರಾಬಟ್ಟೆಯಾಯಿತು. ಇನ್ನು ಸಿಟ್ಟು ಮಾಡಿಕೊಳ್ಳಬೇಡ ಅಂದರೆ ಹೇಗೆ?

ಮೊದಲು ನಾನು ಅರವಾಗಿದ್ದೆ. ಗರಗಸದ ಹಲ್ಲು ಹರಿತ ಮಾಡುವ ಅರ. ಕಾಳಪ್ಪ ಬಡಿಗೇರ ಎಂಬಾತನ ಮನೆಯಲ್ಲಿ ಬಹಳ ಕಾಲ ದುಡಿದು, ಮೈಮೇಲಿನ ಗೀರೆಲ್ಲ ಸವೆದು, ಮೂಲೆ ಸೇರಿದ್ದೆ. ಕಾಳಪ್ಪ ಕದ ಕಿಟಕಿ ಮಾಡುವ ಬಡಿಗನಲ್ಲ. ಅವನದು ಸಕ್ಕರೆ ಅಚ್ಚಿನ ಕೆಲಸ. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳ ಆರತಿ ಮಾಡುತ್ತಾರಲ್ಲ, ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಬುಟ್ಟಿ ತುಂಬ ಆನೆ, ನವಿಲು, ತುಳಸಿಕಟ್ಟೆ ಬರುತ್ತವಲ್ಲ, ಆ ಗೊಂಬೆಗಳನ್ನು ಎರೆಯುವ ಸಾಗವಾನಿ ಅಚ್ಚು. ಎರಡು ಹೋಳು, ಎರಡರ ಒಳಗೂ ಗೊಂಬೆಯ ಅರ್ಧರ್ಧ ಮೈ ತಗ್ಗಾಗಿ ಕೆತ್ತಿರಬೇಕು. ಎಡ ಬಲವಾಗಿ, ಬಲ ಎಡವಾಗಿ ಕೆತ್ತಬೇಕು. ಒಂದು ಕಡೆ ಮರ ಜಜ್ಜಿದರೂ ಸಕ್ಕರೆ ಅದನ್ನು ಮುಚ್ಚಿಡುವುದಿಲ್ಲ, ಊರಿಗೆಲ್ಲ ತೋರಿಸುತ್ತದೆ.

ಕಾಳಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕೆತ್ತುತ್ತಿದ್ದವಳು ಅವನ ಮಗಳು ಚಂದ್ರವ್ವ. ಅವಳನ್ನು ಹಿಂದಿನ ಓಣಿಗೇ ಮದುವೆ ಮಾಡಿಕೊಟ್ಟಿದ್ದರು. ಗಂಡ ಎಣ್ಣೆ ಗಿರಣಿಗೆ ಹೋದ ಮೇಲೆ ಅವಳು ತವರಿಗೆ ಬಂದು ಅಪ್ಪನ ಎದುರು ಕೂತು ಕೆತ್ತುವಳು. ಅಪ್ಪನ ಹಳೆಯ ಚಾಕುವಿನ ಹಿಡಿ ಅವಳ ಕೈಗೆ ದೊಡ್ಡದು, ಅಲಗೂ ಸವೆದು ದರ್ಭೆಯಷ್ಟಾಗಿತ್ತು. ಹೊಸದು ಬೇಕೆಂದು ಅಪ್ಪ ಮಗಳು ಇಬ್ಬರೂ ಕಂಬಾರ ಮಾನಪ್ಪನ ಕುಲುಮೆಗೆ ಹೋದರು. ಚಂದ್ರವ್ವ ಚೀಲದಲ್ಲಿ ಸಿಕ್ಕಸಿಕ್ಕ ಲೋಹದ ತುಂಡುಗಳನ್ನೆಲ್ಲ ತುಂಬಿಕೊಂಡಿದ್ದಳು. ಅದರೊಳಗೆ ನಾನೂ ಇದ್ದೆ.

ಮಾನಪ್ಪ ಮೊದಲು ಎತ್ತಿದ್ದು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು.

"ಕೊಡ್ಲಿ ಮಾಡ್ಸು, ಕುಡಗೋಲು ಮಾಡ್ಸು, ಇದು ಬಂಗಾರ. ಎಷ್ಟ ಬಡದ್ರೂ ಮುರಿಯಂಗಿಲ್ಲ. ಆದ್ರ ನವಿಲಿನ ಕಣ್ಣ ಕೆತ್ತಾಕ ಬೇಕಾದ ಸಣ್ಣ ಹರಿತ ಬಾಯಿ ಇದರಾಗ ಬಾಳ ಹೊತ್ತ ನಿಲ್ಲೂದಿಲ್ಲ ತಂಗಿ."

ಆಮೇಲೆ ಕಾರ್ಖಾನೆಯ ಗರಗಸದ ಬ್ಲೇಡಿನ ತುಂಡು. ಅದು ಬಹಳ ಗಟ್ಟಿ. ಆದರೆ ಅದಕ್ಕೆ ಬೇಕಾದ ಬೆಂಕಿ ತನ್ನ ಕುಲುಮೆಯಲ್ಲಿಲ್ಲ, ಸಾಣೆ ಹಿಡಿದೇ ರೂಪ ಕೊಡಬೇಕು, ತಗ್ಗಿನೊಳಗೆ ತಿರುಗಿಸಿದರೆ ಟಕ್ಕೆಂದು ತುದಿ ಹೋಗುತ್ತದೆ ಎಂದು ಅದನ್ನೂ ಬದಿಗಿಟ್ಟ. ಹೋಟೆಲಿನ ಹಳೆಯ ಹೊಳೆಯುವ ಚಾಕುವೊಂದಿತ್ತು. ಅದನ್ನು ಕೈಯಲ್ಲೂ ಹಿಡಿಯಲಿಲ್ಲ. "ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ. ಇದಕ್ಕ ತುಕ್ಕ ಹಿಡಿಯಂಗಿಲ್ಲ ಖರೆ, ನನ್ನ ಬೆಂಕ್ಯಾಗ ಹದಾನೂ ಹಿಡಿಯಂಗಿಲ್ಲ" ಅಂದ.

ಕೊನೆಗೆ ಚಂದ್ರವ್ವ ನನ್ನನ್ನು ಹೊರಗೆ ತೆಗೆದಳು. "ಇದನ್ನ ನೋಡು ಕಾಕಾ. ಅಪ್ಪನ ಅರ. ಇದು ಗರಗಸದ ಹಲ್ಲನ್ನ ತಿಂದೈತಿ. ಹಲ್ಲ ತಿನ್ನೂವಂಥಾದ್ದು ಮರಾ ತಿನ್ನೂದಿಲ್ಲೇನು?"

ಮಾನಪ್ಪ ನನ್ನನ್ನು ಸಾಣೆಗೆ ತಾಗಿಸಿದ. ಕಿಡಿ ಹಾರಿತು. ಬರೀ ಕಬ್ಬಿಣದ ಕಿಡಿ ನೆಟ್ಟಗೆ ಗೆರೆಯಾಗಿ ಹೋಗಿ ಆರುತ್ತದೆ. ನನ್ನ ಕಿಡಿ ಒಂದೊಂದೂ ತುದಿಯಲ್ಲಿ ಒಡೆದು ಮರಿ ಹಾಕಿತು. ಕಾಳಪ್ಪನಿಗೆ ಅದು ಕಾಣಿಸಲಿಲ್ಲ, ಚಿಟಪಟ ಕೇಳಿಸಿತು. ಅಷ್ಟಕ್ಕೇ ಅವನ ಮುಖ ಅರಳಿತು.

"ಹಾಂ! ಸ್ಟೀಲ ಅಂದ್ರ ಇದು ನೋಡೋ ಮಾನಪ್ಪಾ!"

ಈ ಮಾತನ್ನು ನೆನಪಿಡಿ. ಆ ಇಬ್ಬರು ಮುದುಕರಿಗೆ ಸ್ಟೀಲು ಅಂದರೆ ನಾನು. ಅದರಲ್ಲಿ ಸಂಶಯವೇ ಇರಲಿಲ್ಲ. ಅಂದು ಕುಲುಮೆಯಲ್ಲಿ ಇನ್ನೂ ಒಬ್ಬನಿದ್ದ, ಕಾಳಪ್ಪನ ಮಗ ಮೌನೇಶ. ಅಪ್ಪನನ್ನು ಸೈಕಲ್ಲಿನ ಮೇಲೆ ಕರೆತಂದವನು. ಅವನೂ ಈ ಮಾತನ್ನು ಎರಡೂ ಕಿವಿಯಿಂದ ಕೇಳಿದ್ದ.

ನನ್ನನ್ನು ಕೆಂಪಗೆ ಕಾಸಿ, ಬೂದಿಯಲ್ಲಿ ಹೂತು ಮೆತ್ತಗೆ ಮಾಡಿ, ಬಡಿದು ತೆಳ್ಳಗೆಳೆದರು. ಉಳಿದಿದ್ದ ಹಲ್ಲನ್ನೆಲ್ಲ ಉಜ್ಜಿ ತೆಗೆದರು, ಒಂದು ಗೀರು ಉಳಿದರೂ ಮುಂದೆ ಅಲ್ಲೇ ಬಿರುಕು ಬಿಡುತ್ತದಂತೆ. ಇದರಿಂದ ಮುಂದೆ ಬಹಳ ತೊಂದರೆಯಾಯಿತು, ಸಿಟ್ಟು ಬಂದಾಗ ಹಲ್ಲು ಕಡಿಯೋಣವೆಂದರೆ ನನಗೆ ಹಲ್ಲೇ ಇಲ್ಲ. ಮತ್ತೆ ಕಾಸಿ ಶೇಂಗಾ ಎಣ್ಣೆಯಲ್ಲಿ ಅದ್ದಿದರು. ಆಗ ನಾನು ಗಾಜಿನಷ್ಟು ಗಟ್ಟಿ, ಬಿದ್ದರೆ ಒಡೆಯುವ ಸ್ಥಿತಿ. ಕೊನೆಗೆ ಸಣ್ಣ ಉರಿಯಲ್ಲಿ ಮೈ ಬಿಸಿ ಮಾಡಿ ಬಣ್ಣ ಕಾಯುತ್ತ ಕೂತರು.

"ಒಣಹುಲ್ಲಿನ ಬಣ್ಣಕ್ಕ ತಗೀಬೇಕು. ನೀಲಿಗೆ ಹೋತಂದ್ರ ಚಾಕು ಸತ್ತಂಗ" ಅಂದ ಮಾನಪ್ಪ.

ಚಂದ್ರವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು. "ಈಗ!" ಅಂದವಳು ಅವಳೇ. ಮಾನಪ್ಪ ತೆಗೆದ. ಅವಳ ಮುಷ್ಟಿಯ ಅಳತೆಗೆ ಕರಿಜಾಲಿಯ ಹಿಡಿ ಹಾಕಿದರು. ಬೇರೆಯವರು ಹಿಡಿದರೆ ಕಿರುಬೆರಳು ಹೊರಗೆ ಉಳಿಯುತ್ತಿತ್ತು. ನಾನು ಅವಳ ಕೈಗಾಗಿಯೇ ಹುಟ್ಟಿದವನು, ಇದರಲ್ಲಿ ಬಡಿವಾರವಿಲ್ಲ.

ಆಮೇಲಿನ ವರ್ಷಗಳ ಬಗ್ಗೆ ಹೇಳುವಾಗ ಮಾತ್ರ ನನ್ನ ದನಿ ಮೆತ್ತಗಾಗುತ್ತದೆ. ಕೆಲಸ ಮುಗಿದ ಮೇಲೆ ಅವಳು ನನ್ನನ್ನು ಸೆರಗಿನಿಂದ ಒರೆಸಿ, ಒಂದು ಹನಿ ಎಣ್ಣೆ ಸವರಿಯೇ ಮಲಗಿಸುತ್ತಿದ್ದಳು. ತಗ್ಗಿನೊಳಗೆ ಕಣಕ ಒತ್ತಿ ತೆಗೆದು ಗೊಂಬೆ ಹೇಗೆ ಬಂದಿದೆ ಎಂದು ಅಪ್ಪನ ಕೈಗೆ ಕೊಡುವಳು. ಆತ ಬೆರಳಾಡಿಸಿ ನೋಡುವನು. "ಆನಿ ಸೊಂಡ್ಲಿ ಸ್ವಲ್ಪ ಸೊಟ್ಟ ಆಗೇತಿ ಚಂದ್ರಿ" ಅಂದರೆ ಅವಳು ಮಾತಾಡದೆ ಮತ್ತೆ ನನ್ನನ್ನು ಎತ್ತುವಳು.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಅಚ್ಚಿನ ಬೆನ್ನಿಗೆ 'ಕಾ' ಎಂಬ ಅಕ್ಷರ ಕೆತ್ತುತ್ತಿದ್ದರು. ಕಾಳಪ್ಪನ ಕಾ. ಅದನ್ನೂ ಕೆತ್ತುತ್ತಿದ್ದುದು ನಾನೇ, ಚಂದ್ರವ್ವನ ಕೈಯಿಂದ. ನರಗುಂದದ ಮಿಠಾಯಿಗಾರ ಶಿವಮೂರ್ತೆಪ್ಪ ಬಂದು ಅಚ್ಚು ತಿರುಗಿಸಿ ನೋಡಿ, "ಕಾಳಪ್ಪನ ಕೈ ಅಂದ್ರ ಕೈ!" ಅಂದು ಹೋಗುತ್ತಿದ್ದ. ಅವಳು ಅವನಿಗೆ ಚಹಾ ಕೊಡುತ್ತಿದ್ದಳು. ಅಪ್ಪ ಇರುವ ತನಕ ಅಪ್ಪನ ಅಕ್ಷರ, ಅದರ ಬಗ್ಗೆ ಅವಳು ಎಂದೂ ತುಟಿ ಪಿಟಕ್ಕೆನ್ನಲಿಲ್ಲ. ಮುಂದೆ ತನ್ನದೇ ಅಕ್ಷರ ಬರುತ್ತದೆಂದು ಅವಳಿಗೆ ಖಾತ್ರಿಯಿತ್ತು, ಅಪ್ಪನೂ ಹಾಗೆಯೇ ಹೇಳಿದ್ದ.

ಕಾಳಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಉಸಿರು ಸಿಕ್ಕಿಕೊಳ್ಳತೊಡಗಿದಾಗ ಎಲ್ಲರನ್ನೂ ಹತ್ತಿರ ಕರೆದ. ಮೌನೇಶ, ಅವನ ಹೆಂಡತಿ ಗಂಗವ್ವ, ಚಂದ್ರವ್ವ, ಅಕ್ಕ ತಮ್ಮ ಇಬ್ಬರ ಸೋದರಮಾವ ಅಂಬಣ್ಣ. ಕಾಳಪ್ಪ ಹೇಳಿದ್ದು ಎರಡೇ ಮಾತು.

"ಸ್ಟೀಲೆಲ್ಲಾ ಚಂದ್ರವ್ವಗ. ಉಳಿದದ್ದು ಮೌನೇಶಗ."

ಅಷ್ಟು ಹೇಳಿ ಕಣ್ಣು ಮುಚ್ಚಿದ.

ಕಾಳಪ್ಪನ ದಿವಸದ ಊಟ ಮುಗಿದ ಮೇಲೆ ಅಂಬಣ್ಣ ನಡುಮನೆಯಲ್ಲಿ ಕೂತು ಪಾಲು ಮಾಡಿಸಿದ. "ಹೋದಾವನ ಮಾತು ನಡಸಬೇಕು. ಸ್ಟೀಲೆಲ್ಲಾ ಮಗಳಿಗೆ ಅಂದಾನ. ಗಂಗವ್ವಾ, ತಗಿ ಭಾಂಡಿ" ಅಂದ.

ಹೌದು, ಭಾಂಡೆ! ಅಡಿಗೆಮನೆಯ ಮಾಡದಿಂದ ತಾಟು, ತಂಬಿಗೆ, ಡಬ್ಬಿ, ಕೊಳಗ ಒಂದೊಂದಾಗಿ ಇಳಿದು ಬಂದವು. ಗಂಗವ್ವನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ತನ್ನ ತವರಿನ ಸೌಟೊಂದನ್ನು ಸೀರೆಯ ನಿರಿಗೆಯಲ್ಲಿ ಮುಚ್ಚಿಕೊಂಡಳು. ಚಂದ್ರವ್ವ ಕೂತಲ್ಲಿಂದ ಎದ್ದೇಬಿಟ್ಟಳು.

"ಮಾಮಾ, ಅಪ್ಪ ಹೇಳಿದ್ದು ಈ ತಾಟಿಗೆ ಅಲ್ರಿ. ಕೆತ್ತೂ ಚಾಕು, ಚಾಣ ಅದಾವಲ್ಲ, ಅವಕ್ಕ. ಕುಲುಮ್ಯಾಗ ಅವನ್ನ ಸ್ಟೀಲ ಅಂತಾರ. ಬೇಕಂದ್ರ ಮಾನಪ್ಪ ಕಾಕಾನ್ನ ಕರಸಿ ಕೇಳ್ರಿ."

ಅಂಬಣ್ಣ ನನ್ನನ್ನು ಎತ್ತಿ ಬೆಳಕಿಗೆ ಹಿಡಿದ. ಸೂತಕದ ದಿನಗಳಲ್ಲಿ ನನಗೆ ಎಣ್ಣೆ ಕಾಣಿಸಿದವರಿಲ್ಲ. ಮೈಮೇಲೆ ಎರಡು ಕಡೆ ಕಂದು ಚುಕ್ಕೆ ಬಂದಿತ್ತು.

"ಸ್ಟೀಲಿಗೆ ತುಕ್ಕ ಹಿಡೀತೈತೇನಬೇ? ಇದು ಕಬ್ಬಣ. ಮ್ಯಾಲ ಹತ್ಯಾರ ಅಂದ್ರ ಗಂಡಮಕ್ಕಳ ಸೊತ್ತು. ಕೊಟ್ಟ ಹೆಣ್ಣು ಕುಲಕ್ಕ ಹೊರಗ. ತುಂಬಿದ ಮನಿ ಭಾಂಡಿ ಬಂದಾವ, ಸುಮ್ಮನ ತಗೊಂಡು ಹೋಗು."

ನನ್ನ ಪಿತ್ತ ನೆತ್ತಿಗೇರಿತು. ಆ ಮುದುಕನ ಬೆರಳು ನನ್ನ ಬಾಯಿಯ ಮೇಲೇ ಇತ್ತು. ಆದರೆ ಚಾಕುವಿನ ಹಣೆಬರಹ ಇದು, ಹಿಡಿದವರು ಒತ್ತದೆ ನಾವು ಕೊಯ್ಯುವ ಹಾಗಿಲ್ಲ.

ಚಂದ್ರವ್ವ ತಮ್ಮನ ಕಡೆ ತಿರುಗಿದಳು. "ನೀನರ ಹೇಳೋ. ಅವತ್ತ ನೀನೂ ಇದ್ದಿ. ಅಪ್ಪ ಯಾವುದಕ್ಕ ಸ್ಟೀಲ ಅಂದಾ?"

ಮೌನೇಶ ಬಾಯಿ ತೆರೆದರೆ ಓಣಿಗೆ ಓಣಿಯೇ ಕೇಳುವಂತೆ ಮಾತಾಡುವವನು. ಅವತ್ತೊಂದು ದಿನ ಹೆಸರಿಗೆ ತಕ್ಕಂತೆ ನಡೆದುಕೊಂಡ. ನೆಲ ನೋಡುತ್ತ ಕೂತ. ಆ ಮೌನವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಂಬಣ್ಣನಿಗೆ ಗೊತ್ತಿರಲಿಲ್ಲ, ಮಾತಿನ ಅರ್ಥ ತಪ್ಪು ತಿಳಿದ. ಇವನಿಗೆ ಗೊತ್ತಿತ್ತು.

ಚಂದ್ರವ್ವ ಭಾಂಡೆಯ ಚೀಲವನ್ನು ಹೊತ್ತುಕೊಂಡು ಹೋದಳು. ಹೊಸ್ತಿಲು ದಾಟುವಾಗ ಅವು ಒಂದಕ್ಕೊಂದು ತಾಗಿ ಗಲಗಲ ಅಂದವು. ನನಗೆ ಅದು ನಗೆಚಾಟಿಕೆಯಂತೆ ಕೇಳಿಸಿತು.

ಮಂಗನ ಕೈಯಲ್ಲಿ ಮಾಣಿಕ್ಯ ಅನ್ನುತ್ತಾರೆ. ಮಂಗನಾದರೆ ಮಾಣಿಕ್ಯವನ್ನು ಕಚ್ಚಿ ನೋಡಿ ಎಸೆಯುತ್ತದೆ, ಅಷ್ಟೇ. ಮೌನೇಶ ಎಸೆಯಲಿಲ್ಲ. ಅವನಿಗೆ ಪ್ಲೈವುಡ್ಡಿನ ಕಪಾಟು ಮಾಡುವ ಅಂಗಡಿ. ಅಲ್ಲಿ ಬಣ್ಣದ ಡಬ್ಬಿಯ ಮುಚ್ಚಳ ಮೀಟಲು ನಾನು, ಗೋಣಿ ಹರಿಯಲು ನಾನು, ಸ್ಕ್ರೂ ತಿರುಗಿಸಲೂ ನಾನು. ಒಂದು ದಿನ ವಾರ್ನಿಶ್ ಡಬ್ಬಿಯ ಮೇಲೆ ನನ್ನ ತುದಿ ಟಿಕ್ಕೆಂದು ಮುರಿಯಿತು. ನವಿಲಿನ ಕಣ್ಣು ಕೆತ್ತುತ್ತಿದ್ದ ತುದಿ ಅದು.

"ಅಪ್ಪ ಇದಕ್ಕ ಅಷ್ಟ ಮುದ್ದ ಮಾಡ್ತಿದ್ದ. ಏನೂ ದಮ್ಮಿಲ್ಲ ಇದರಾಗ" ಅಂದ ಮೌನೇಶ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಂಗಡಿಯ ಹಿಂದೆಯೇ ಮನೆ. ಗಂಗವ್ವ ಗಂಡನಿಗೆ ಊಟ ಬಡಿಸುವಾಗ ಆಡಿದ ಮಾತೆಲ್ಲ ನನಗೆ ಕೇಳಿಸುತ್ತಿತ್ತು. ಒಂದು ದಿನ ಅವಳು ಸಂಕಟದಿಂದ ಹೇಳಿದಳು, "ಕೇಳಿದ್ರೇನು, ನಿಮ್ಮಕ್ಕ ನಮ್ಮ ಸ್ಟೀಲ್ ಭಾಂಡಿ ಅಷ್ಟೂ ಅಂಗಡಿಗೆ ಹಾಕ್ಯಾಳಂತ. ಆ ರೊಕ್ಕದಾಗ ಹಳೇ ಅರ ಹುಡುಕಿ, ಮಾನಪ್ಪ ಕಾಕಾನ ಕುಲುಮ್ಯಾಗ ಹೊಸಾ ಚಾಕು ಮಾಡಸ್ಯಾಳಂತ. ತಾಟ ಬಿಟ್ಟು ಮಣ್ಣಿನ ಪರಿಯಾಣದಾಗ ಉಣ್ಣಾಕ ಹತ್ಯಾಳಂತ ನೋಡ್ರಿ, ಹುಚ್ಚಿ!"

ಮೌನೇಶ ಉಣ್ಣುತ್ತಲೇ ಇದ್ದ. ನಾನು ಮೊಳೆಗಳ ಡಬ್ಬಿಯಲ್ಲಿ ಬಿದ್ದುಕೊಂಡು ಕೇಳಿದೆ. ಖುಷಿಪಡಬೇಕಿತ್ತು. ಆಗಲಿಲ್ಲ. ಇನ್ನೊಂದು ಅರಕ್ಕೆ ನನ್ನ ಜಾಗ ಸಿಕ್ಕಿತು ಎಂಬ ಹೊಟ್ಟೆಕಿಚ್ಚು ಹತ್ತಿತು. ಸಿಟ್ಟು ಆ ಚಾಕು ಮಾಡಿಸಿದವಳ ಮೇಲಲ್ಲ, ಮಾಡಿಸಲೇಬೇಕಾದ ಹಾಗೆ ಮಾಡಿದವರ ಮೇಲೆ.

ಹೀಗೆ ಕೆಲವು ವರ್ಷ ಕಳೆದು ಇನ್ನೊಂದು ಗೌರಿ ಹುಣ್ಣಿಮೆ ಹತ್ತಿರ ಬಂತು. ಶಿವಮೂರ್ತೆಪ್ಪ ನರಗುಂದದಿಂದ ಹೇಳಿ ಕಳಿಸಿದ, ನವಿಲಿನ ಹೊಸ ಅಚ್ಚು ಬೇಕು, ಕಾಳಪ್ಪನ ಮನೆಯದೇ ಬೇಕು ಎಂದು. ಕಾಳಪ್ಪನ ಮನೆ ಅಂದರೆ ಈಗ ತನ್ನದೇ ಎಂದು ಮೌನೇಶ ಎದೆ ಸೆಟೆಸಿ ಒಪ್ಪಿಕೊಂಡ. ಹಳೆಯ ಅಚ್ಚೊಂದನ್ನು ಎದುರಿಗಿಟ್ಟುಕೊಂಡು ಸಾಗವಾನಿ ಹಲಗೆ ತಂದು ಕೂತ. ಮೊದಲು ನನ್ನ ಮುರಿದ ತುದಿ ಸರಿ ಮಾಡಬೇಕಲ್ಲ? ಕರೆಂಟಿನ ಸಾಣೆಗೆ ಹಿಡಿದ. ಚಂದ್ರವ್ವ ಆಗಿದ್ದರೆ ನೀರಿನ ಬಟ್ಟಲು ಹತ್ತಿರ ಇಟ್ಟುಕೊಂಡು, ತಾಗಿಸಿ, ಅದ್ದಿ, ಮತ್ತೆ ತಾಗಿಸುತ್ತಿದ್ದಳು. ಇವನಿಗೆ ಅವಸರ. ಒತ್ತಿ ಹಿಡಿದ. ಮೈ ಸುಟ್ಟಿತು. ಬಾಯಿಯ ಉದ್ದಕ್ಕೂ ಬಣ್ಣ ಹಳದಿಗೆ ತಿರುಗಿತು, ಕಂದಾಯಿತು, ನೇರಳೆಯಾಯಿತು. ನಿಲ್ಲಿಸೋ ಪಾಪಿ, ನಿಲ್ಲಿಸೋ ಎಂದು ನಾನು ಕಿರುಚುತ್ತಿದ್ದೆ. ಅವನಿಗೆ ಕೇಳಿದ್ದು ಸಾಣೆಯ ಸದ್ದು. ನೀಲಿ ಬಂತು.

"ಹೆಂಗ ಹೊಳೀತೈತಿ ನೋಡು, ನವಿಲ ಗರಿಯಂಗ!" ಎಂದು ಹೆಂಡತಿಯನ್ನು ಕರೆದು ತೋರಿಸಿದ.

ನೀಲಿ ಬಾಯಿಯ ಚಾಕು ಮರವನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ನವಿಲಿನ ಗರಿಗಳು ನನ್ನ ಕೆಳಗೆ ಒಡೆದು ನಾರೆದ್ದವು. ಅವನು ಇನ್ನೂ ಬಲ ಹಾಕಿದ. ನಾನು ಜಾರಿದೆ, ಅವನ ಎಡ ಅಂಗೈ ಸೀಳಿದೆ. ಬೇಕೆಂದು ಮಾಡಿದ್ದಲ್ಲ, ಮೊಂಡ ಚಾಕು ಮರ ಬಿಟ್ಟು ಕೈ ಹುಡುಕುತ್ತದೆ. ಪಶ್ಚಾತ್ತಾಪ ಮಾತ್ರ ಆಗಲಿಲ್ಲ.

ಕೈಗೆ ಬಟ್ಟೆ ಕಟ್ಟಿಕೊಂಡು, ನನ್ನನ್ನೂ ಹಲಗೆಯನ್ನೂ ಚೀಲಕ್ಕೆ ಹಾಕಿಕೊಂಡು ಅವನು ಹಿಂದಿನ ಓಣಿಗೆ ನಡೆದ. ಅವಳ ಮನೆಗೆ ಹೋಗುತ್ತಿದ್ದೇನೆ!

ಚಂದ್ರವ್ವ ಪಡಸಾಲೆಯಲ್ಲಿ ಕೂತಿದ್ದಳು, ಕಿವಿಯ ಹತ್ತಿರ ನರೆ ಬಂದಿತ್ತು. ಮೌನೇಶ ನನ್ನನ್ನು ಅವಳ ಎದುರಿಗಿಟ್ಟ.

"ಅಕ್ಕಾ, ಅಪ್ಪನ ಚಾಕು. ನಿನಗ ಬೇಕಿತ್ತಲ್ಲ, ತಗೋ. ನಿಂದ ಅದು ಇನ್ನ ಮ್ಯಾಲ."

ಅವಳು ಕೈ ಚಾಚಲಿಲ್ಲ. "ಯಾಕ?"

"ಶಿವಮೂರ್ತೆಪ್ಪಗ ನವಿಲ ಬೇಕಾಗೇತಿ. ಕೆತ್ತಿಕೊಡು. ಹಿಂದ 'ಮೌ' ಅಂತ ಅಕ್ಷರ ಹಾಕು. ಪ್ರತಿ ವರ್ಷ ಹಿಂಗ ಮಾಡೂಣು, ಚಾಕು ನಿನ್ನ ಹಂತ್ಯಾಕ ಇರ್ಲಿ."

ಆಗ ಅವಳು ನನ್ನನ್ನು ಎತ್ತಿಕೊಂಡಳು. ಹಿಡಿ ಅವಳ ಮುಷ್ಟಿಯೊಳಗೆ ಮೊದಲಿನ ಹಾಗೆಯೇ ಕೂತಿತು, ಕಿರುಬೆರಳು ಒಳಗೆ. ಹೆಬ್ಬೆರಳಿನ ಉಗುರಿನ ಮೇಲೆ ನನ್ನ ಬಾಯಿ ಇಟ್ಟು ನೋಡಿದಳು. ಜಾರಿತು. ಬೆಳಕಿಗೆ ತಿರುಗಿಸಿದಳು, ನೀಲಿ ಕಂಡಿತು.

"ಸುಟ್ಟೀಯಲ್ಲೋ ಇದನ್ನ."

"ಮಾನಪ್ಪ ಕಾಕಾ ಇನ್ನೂ ಗಟ್ಟಿ ಅದಾನ. ಮತ್ತ ಕಾಸಿ ಎಣ್ಯಾಗ ಅದ್ದಿದ್ರ ಸರಿ ಆಗ್ತೈತಿ."

"ಆಗ್ತೈತಿ. ಇದು ಸರಿ ಆಗ್ತೈತಿ." ಅವಳು ನನ್ನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಅಭ್ಯಾಸಬಲ. ಆಮೇಲೆ ಹೇಳಿದಳು, "ಇದಕ್ಕ ಮತ್ತ ಹದಾ ಕೊಡಬಹುದು ಮೌನ್ಯಾ. ನಾ ಈಗ ಹೂಂ ಅಂದ್ರ, ನನಗ ಆಮ್ಯಾಲ ಯಾರ ಕೊಡ್ತಾರ?"

"ಬರೇ ಒಂದ ಅಕ್ಷರಕ್ಕ ಇಷ್ಟ್ಯಾಕ ಹಟಾ?"

"ಬರೇ ಒಂದ ಅಕ್ಷರ ಅಲ್ಲೇನು? ಹಂಗಾದ್ರ ನನ್ನದಽ ಇರ್ಲಿ. ಒಯ್ಯಿ ಇದನ್ನ. ನಿನ್ನ ಪಾಲಿಗೆ ಬಂದದ್ದು."

ನನ್ನನ್ನು ಅವಳು ಹಲಗೆಯ ಮೇಲೆ ಇಟ್ಟಳು. ಮೆಲ್ಲಗೆ ಇಟ್ಟಳು, ಆದರೆ ಇಟ್ಟಳು. ಅಷ್ಟು ವರ್ಷ ನಾನು ಕಾದದ್ದು ಆ ಕೈಗೆ. ಅವತ್ತು ನನ್ನ ಸಿಟ್ಟು ಮೊದಲ ಬಾರಿಗೆ ಅವಳ ಕಡೆ ತಿರುಗಿತು. ಹೂಂ ಅನ್ನಬಾರದಿತ್ತೇ? ಕೆತ್ತುವುದು ನಾವಿಬ್ಬರೇ ಅಲ್ಲವೇ, ಬೆನ್ನಿನ ಮೇಲೆ ಯಾರ ಅಕ್ಷರ ಇದ್ದರೇನು? ಹೀಗೆ ಬೈಯುತ್ತಲೇ ಚೀಲದೊಳಗೆ ಹಿಂದಿರುಗಿದೆ. ದಾರಿಯಲ್ಲೇ ನನಗೆ ಹೊಳೆಯಿತು, ಇವನು ನನ್ನನ್ನು ಕೊಡಲು ತಂದಿರಲಿಲ್ಲ. ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಾರಲ್ಲ, ಹಾಗೆ ತಂದಿದ್ದ. ಆ ಎರೆಹುಳು ನಾನು. ಇದು ತಿಳಿದ ಮೇಲೆ ನನಗಾದ ಅವಮಾನ ಆ ಕರೆಂಟಿನ ಸಾಣೆಯ ಬೆಂಕಿಗಿಂತ ಹೆಚ್ಚು ಸುಟ್ಟಿತು.

ಹುಣ್ಣಿಮೆಗೆ ಕೆಲವು ದಿನ ಇರುವಾಗ ಶಿವಮೂರ್ತೆಪ್ಪನೇ ಬಂದ. ಮೌನೇಶ ತಾನೇ ಹೇಗೋ ಕೆತ್ತಿ ಮುಗಿಸಿದ್ದ ನವಿಲನ್ನು ತೋರಿಸಿದ. ಶಿವಮೂರ್ತೆಪ್ಪ ಕನ್ನಡಕ ಏರಿಸಿ ನೋಡಿದ.

"ಇದು ಕೋಳಿ ಆಗೇತಲ್ಲೋ ತಮ್ಮಾ. ಅದೂ ಪುಚ್ಚ ಕಿತ್ತಿದ್ದು."

ಆಮೇಲೆ ತನ್ನ ಚೀಲದಿಂದ ಒಂದು ಅಚ್ಚು ತೆಗೆದ. ನವಿಲೇ. ಗರಿಗರಿಯೂ ಬೇರೆ ಬೇರೆ, ಕಣ್ಣು ಸಾಸಿವೆಯಷ್ಟು, ಅಂಚು ಎಲ್ಲೂ ಜಜ್ಜಿಲ್ಲ. ನನ್ನ ಜಾಗಕ್ಕೆ ಬಂದ ಆ ಚಾಕುವಿನ ಕೆಲಸವನ್ನು ಅಂಗುಲ ಅಂಗುಲವಾಗಿ ನೋಡಿದೆ. ಕುಂದು ಹೇಳುವುದಕ್ಕೆ ಏನೂ ಇರಲಿಲ್ಲ. ಅಚ್ಚನ್ನು ಮಗುಚಿದರೆ ಬೆನ್ನಿನ ಮೇಲೆ 'ಚಂ' ಎಂದಿತ್ತು.

"ರೋಣದ ಸಂತ್ಯಾಗ ಸಿಕ್ತು. ನಾ ಕೇಳಿದ್ದಕ್ಕ, ಗದಗಿನ ಚಂದ್ರವ್ವಂದು ಅಂದ್ರು. ನಮ್ಮ ಕಾಳಪ್ಪನ ಕೈ ಇದ್ದಂಗಽ ಐತಿ ನೋಡು! ಯಾರೋ ಈ ಚಂದ್ರವ್ವ? ಎಲ್ಲಿರ್ತಾಳ?"

ಅವಳು ಕೊಟ್ಟ ಚಹಾ ಕುಡಿದವನು ಕೇಳುತ್ತಿದ್ದಾನೆ, ಯಾರು ಚಂದ್ರವ್ವ ಎಂದು! ಮೌನೇಶ ಬಟ್ಟೆ ಕಟ್ಟಿದ ಕೈಯನ್ನು ನೋಡಿಕೊಂಡ. ಇನ್ನೊಮ್ಮೆ ಮೌನವೇ ಗತಿ ಎಂದುಕೊಂಡೆ. ಆದರೆ ಬಾಯಿ ಬಿಟ್ಟ.

"ಹಿಂದಿನ ಓಣಿ. ಬೇವಿನ ಗಿಡದ ಹಂತ್ಯಾಕ." ಆಮೇಲೆ ಎದೆ ಸೆಟೆಸಿ ಅಂದ, "ನಮ್ಮಕ್ಕ ಆಕಿ."

ಈಗ ನೆನಪಾಯಿತು ನೋಡಿ ಅಕ್ಕ! ಪಾಲಿನ ದಿನ ಕುಲಕ್ಕೆ ಹೊರಗಾಗಿದ್ದವಳು ಹೆಸರು ಬಂದ ಕೂಡಲೇ ಕುಲದೊಳಗೆ ಬಂದಳು. ಶಿವಮೂರ್ತೆಪ್ಪ ಅಂಗಡಿ ಇಳಿದು ಹಿಂದಿನ ಓಣಿಗೆ ಹೊರಟ. ಮೌನೇಶ ಬೇಸರಕ್ಕೋ ನಾಚಿಕೆಗೋ ನನ್ನನ್ನು ಮೊಳೆಯ ಡಬ್ಬಿಗೆ ಎಸೆದು ಮುಚ್ಚಳ ಹಾಕಿದ.

ಅವತ್ತಿನಿಂದ ಇಲ್ಲೇ ಇದ್ದೇನೆ. ನನ್ನಂಥವರು ತಮ್ಮ ಕಥೆ ಹೇಳುವಾಗ ಕೊನೆಗೆ ಬಾಳು ಸಾರ್ಥಕವಾಯಿತು, ಯಾರ ಮೇಲೂ ಮುನಿಸಿಲ್ಲ ಅನ್ನುವುದು ವಾಡಿಕೆ. ನನ್ನಿಂದ ಅದಾಗದು. ಚಂದ್ರವ್ವ ಮಾಡಿದ್ದು ಸರಿ. ಅವಳು ಅಂದು ನನ್ನನ್ನು ಎತ್ತಿಟ್ಟುಕೊಂಡಿದ್ದರೆ 'ಚಂ' ಎಂಬ ಅಕ್ಷರ ಹುಟ್ಟಿದಷ್ಟೇ ಬೇಗ ಸಾಯುತ್ತಿತ್ತು, ಅದನ್ನು ನಾನೇ ಕೊಂದಂತಾಗುತ್ತಿತ್ತು. ಇದು ಗೊತ್ತಿದ್ದೂ ಸಿಟ್ಟು ಇಳಿದಿಲ್ಲ. ತುಕ್ಕು ದಿನಕ್ಕಿಷ್ಟು ತಿನ್ನುತ್ತಿದೆ, ಆದರೆ ಒಳಗಿನ ಲೋಹ ಇನ್ನೂ ಹಾಗೇ ಇದೆ. ಬೆಂಕಿ ಸಿಕ್ಕರೆ ಮತ್ತೆ ಹದ ಹಿಡಿಯುತ್ತೇನೆ. ಒಬ್ಬಳು ಬಂದು, ಇದು ನನ್ನದು ಎಂದು, ಯಾರಿಗೂ ತನ್ನ ಅಕ್ಷರ ಬಿಟ್ಟುಕೊಡದೆ ಈ ಮುಚ್ಚಳ ತೆರೆಯಬೇಕು. ಅಲ್ಲಿಯತನಕ ನಾನು ಕಾದೇ ಇದ್ದೇನೆ. ದಾರಿ ಕಾಯುತ್ತಿದ್ದೇನೆ ಎಂದಾದರೂ ತಿಳಿಯಿರಿ, ಸಿಟ್ಟಿಗೆ ಕೆಂಪಗೆ ಕಾದಿದ್ದೇನೆ ಎಂದಾದರೂ ತಿಳಿಯಿರಿ.